ಕೇಸಿ ಕೋಟೆಯಲ್ಲಿ ಒಂದು ಹಗಲು

ಮಗಳ ಮನೆಗೆಂದು ಅಮೆರಿಕದ ಸಿಯಾಟಲ್ ನಗರಕ್ಕೆ ಹೋದ ನಾವು ಅಲ್ಲಿ ಕೋಟೆಯೊಂದನ್ನು ನೋಡಬೇಕಾದೀತೆಂದು ಎಣಿಸಿರಲಿಲ್ಲ. ನಮ್ಮೊಡನೆ ಬಂದಿದ್ದ ಅಣ್ಣನವರು ಭಾರತೀಯ ಸೈನ್ಯದ ಫಿರಂಗಿ ದಳದಲ್ಲಿದ್ದು ನಿವೃತ್ತರಾದವರು. 1971ರ ಯುದ್ಧದಲ್ಲಿ ಪಾಲ್ಗೊಂಡವರಾದರೂ ಆ ಸುದ್ದಿಯನ್ನು ಮನೆಯಲ್ಲಿ ಎಂದೂ ಎತ್ತಿದವರಲ್ಲ. ಎಡಗಿವಿ ಅಂದಿನಿಂದ ಮಂದವಾಯಿತೆಂಬುದಷ್ಟೇ ನಮಗೆ ತಿಳಿದಿತ್ತು. ಅಳಿಯಂದಿರು ಅವರಿಗಾಗಿಯೇ ಈ ಪ್ರಯಾಣವನ್ನು ಗೊತ್ತುಮಾಡಿದ್ದರು.

ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟೆವು. ಮುಕಿಲ್ಟಿಯೋ ಎಂಬಲ್ಲಿ ಕಾರನ್ನೇ ಹಡಗಿಗೆ ಏರಿಸಿ, ಸುಮಾರು 20 ನಿಮಿಷಗಳಲ್ಲಿ ವಿಡ್ಬಿ ದ್ವೀಪವನ್ನು ಸೇರಿದೆವು. ಅಲ್ಲಿಂದ ಹೊಲ, ಕಾಡುಗಳ ನಡುವೆ ಬಡಗಣ ದಿಕ್ಕಿಗೆ ಸಾಗಿದರೆ ಕಡಲ ದಿಬ್ಬದ ಮೇಲೆ ಕೇಸಿ ಕೋಟೆ. ಈಗ ಅದು ವಾಷಿಂಗ್ಟನ್ ರಾಜ್ಯದ ಉದ್ಯಾನ.

ಬೀದರ, ಚಿತ್ರದುರ್ಗಗಳನ್ನು ಕಂಡ ಕಣ್ಣಿಗೆ ಇದು ಕೋಟೆಯೆನಿಸುವುದೇ ಇಲ್ಲ. ಹೆಬ್ಬಾಗಿಲಿಲ್ಲ, ಬುರುಜುಗಳಿಲ್ಲ. ಹಸಿರು ಬಯಲಿನಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು. ಬಯಲಿನ ಅಂಚಿಗೆ ಹೋಗಿ ಕೆಳಗೆ ನೋಡಿದಾಗಲೇ ದಿಬ್ಬದೊಳಗೆ ಅಡಗಿಸಿ ಕಟ್ಟಿದ ಕಾಂಕ್ರೀಟಿನ ಕಟ್ಟೆಗಳು, ಮೆಟ್ಟಿಲುಗಳು, ಕಬ್ಬಿಣದ ಬಾಗಿಲುಗಳು ಕಾಣಿಸಿದವು. ಶತ್ರುವಿನ ಹಡಗಿಗೆ ಏನೂ ಕಾಣಬಾರದೆಂಬುದೇ ಇಲ್ಲಿಯ ಯುಕ್ತಿ.

ಪ್ಯೂಜೆಟ್ ಸೌಂಡ್ ಎಂಬ ಒಳಗಡಲಿನ ದಡದಲ್ಲಿ ಸಿಯಾಟಲ್, ಟಕೋಮಾ ನಗರಗಳೂ ಬ್ರೆಮರ್ಟನ್ನಿನ ನೌಕಾನೆಲೆಯೂ ಇವೆ. ಅವುಗಳಿಗೆ ಹೋಗುವ ದೊಡ್ಡ ಹಡಗುಗಳೆಲ್ಲ ಈ ದಿಬ್ಬದ ಮುಂದಿನ ಇಕ್ಕಟ್ಟಾದ ಜಲಮಾರ್ಗವನ್ನು ದಾಟಬೇಕು. ಆದ್ದರಿಂದ 1890ರ ದಶಕದ ಕೊನೆಯಲ್ಲಿ ವರ್ಡನ್, ಫ್ಲಾಗ್ಲರ್, ಕೇಸಿ ಎಂಬ ಮೂರು ಕೋಟೆಗಳನ್ನು ತ್ರಿಕೋನಾಕಾರವಾಗಿ ಕಟ್ಟತೊಡಗಿದರು.

ವರ್ತ್ ಎಂಬ ಹೆಸರಿನ ಕಟ್ಟೆಯಲ್ಲಿ 10 ಅಂಗುಲ ಬಾಯಿಯ ಎರಡು ಫಿರಂಗಿಗಳಿವೆ. ಅಣ್ಣನವರು ಅದರ ಸುತ್ತ ಎರಡು ಸಲ ನಡೆದು, ಮೊಮ್ಮಗನನ್ನು ಕರೆದು ವಿವರಿಸಲಾರಂಭಿಸಿದರು. ಫಿರಂಗಿಯು ಗೋಡೆಯ ಮರೆಯಲ್ಲಿ ತಗ್ಗಿ ಕುಳಿತಿರುತ್ತದೆ. ಸುಮಾರು 280 ಕಿಲೋಗ್ರಾಂ ತೂಕದ ಗುಂಡನ್ನು ತುಂಬಿ ತಡೆಯನ್ನು ಬಿಟ್ಟರೆ, ಕೆಳಗಿನ ಭಾರಗುಂಡು ಇಳಿದು ಫಿರಂಗಿ ಗೋಡೆಯ ಮೇಲಕ್ಕೆದ್ದು ನಿಲ್ಲುತ್ತದೆ. ಹಾರಿಸಿದೊಡನೆ ಆ ಒದೆತಕ್ಕೇ ಹಿಂದೆ ಬಾಗಿ ಮತ್ತೆ ಮರೆಗೆ ಬರುತ್ತದೆ, ಭಾರಗುಂಡು ಮೇಲಕ್ಕೇರುತ್ತದೆ. ನಮ್ಮೂರ ಬಾವಿಯ ಏತವನ್ನು ನೆನೆದ ನಮಗೆ ಇದು ಸುಲಭವಾಗಿ ಹೊಳೆಯಿತು. ಮೊಮ್ಮಗನಿಗೆ ಏತವೆಂದರೇನೆಂದೇ ಬೇರೆ ಹೇಳಬೇಕಾಯಿತು.

"ದೊಡ್ಡಜ್ಜ, ಇದು ಎಷ್ಟು ಮಂದಿಯನ್ನು ಕೊಂದಿತು?" ಎಂದು ಕೇಳಿದ ಹುಡುಗ.

"ಈ ಕೋಟೆಗೆ ಶತ್ರು ಬರಲೇ ಇಲ್ಲ, ಮಗು."

ಅವನ ಮೋರೆ ಬಾಡಿತು. ನಿಜಕ್ಕೂ ಅಭ್ಯಾಸಕ್ಕೆ ಹೊರತಾಗಿ ಇಲ್ಲಿ ಒಂದು ಗುಂಡೂ ಹಾರಲಿಲ್ಲ. ವಿಮಾನಗಳು ಬಂದ ಮೇಲೆ ಮೇಲ್ಭಾಗ ತೆರೆದ ಈ ಕಟ್ಟೆಗಳು ನಿರುಪಯುಕ್ತವಾದವು; ಮೂಲ ಫಿರಂಗಿಗಳನ್ನು ಎಂದೋ ತೆಗೆದುಹಾಕಿದ್ದರು. ಈಗಿರುವವು ಫಿಲಿಪೈನ್ಸ್ ದೇಶದ ವಿಂಟ್ ಎಂಬ ಕೋಟೆಯಿಂದ 1968ರಲ್ಲಿ ತಂದಿರಿಸಿದವು. 1941ರ ಡಿಸೆಂಬರಿನಲ್ಲಿ ಜಪಾನಿನ ಸೈನ್ಯ ಬರುತ್ತಿದ್ದಂತೆ ಆ ಕೋಟೆಯನ್ನು ಬಿಟ್ಟು ಹೋಗಿದ್ದರಂತೆ. ಎರಡೆರಡು ಕೋಟೆ ಕಾಯ್ದ ಕಬ್ಬಿಣವೆಂದು ನಾವು ನಕ್ಕೆವು. ಅಣ್ಣನವರು ನಗಲಿಲ್ಲ.

ಅವರು ಗುಂಡು ತುಂಬುವವರು ನಿಲ್ಲುವ ಜಾಗದಲ್ಲಿ ನಿಂತು ಕಡಲಿನತ್ತ ಮುಖ ಮಾಡಿದ್ದರು. ಅಲ್ಲಿಂದ ಕಡಲು ಕಾಣುವುದಿಲ್ಲ. ಎದುರಿಗೆ ಕಾಂಕ್ರೀಟಿನ ಗೋಡೆ ಮಾತ್ರ. ದೂರದ ವೀಕ್ಷಣಾ ಕೊಠಡಿಗಳಿಂದ ಅಳತೆ ಬರುತ್ತಿತ್ತು, ಅದರಂತೆ ಇವರು ಗುರಿ ತಿರುಗಿಸಬೇಕಾಗಿತ್ತು.

"ನಮ್ಮದೂ ಹೀಗೆಯೇ" ಎಂದರು. "ನಮ್ಮ ಗುಂಡು 25 ಪೌಂಡಿನದು. ಎಲ್ಲಿಂದಲೋ ಲೆಕ್ಕ ಬರುತ್ತಿತ್ತು, ನಾವು ಹಾರಿಸುತ್ತಿದ್ದೆವು. ಮೂರು ರಾತ್ರಿ ಹಾರಿಸಿದೆವು. ಎಲ್ಲಿ ಬಿದ್ದವೋ, ಅಲ್ಲಿ ಯಾರಿದ್ದರೋ ನಾನು ಒಂದನ್ನೂ ನೋಡಲಿಲ್ಲ."

ಐವತ್ತಕ್ಕೂ ಹೆಚ್ಚು ವರ್ಷ ಒಂದೇ ಮನೆಯಲ್ಲಿ ಉಂಡು ಬೆಳೆದ ನಮಗೆ ಈ ಮಾತು ಕೇಳಿಬಂದುದು ಇಲ್ಲಿ, ಪರದೇಶದ ಒಂದು ಉದ್ಯಾನದಲ್ಲಿ. ಏನು ಹೇಳಬೇಕೆಂದು ತೋಚಲಿಲ್ಲ. ಮಗಳು ಅವರ ಕೈ ಹಿಡಿದುಕೊಂಡಳು.

ಮದ್ದಿನ ಕೋಣೆಗಳು ಕಗ್ಗತ್ತಲೆಯವು. ನೋಡಬಯಸುವವರು ಬ್ಯಾಟರಿ ಒಯ್ಯತಕ್ಕದ್ದು. ಮಕ್ಕಳು ಒಳಹೊಕ್ಕು ಕೂಗಿ ಮಾರ್ದನಿ ಕೇಳಿ ಕುಣಿದರು. ಅಣ್ಣನವರು ಹೊರಗೇ ಉಳಿದರು. ಬಳಿಕ ನಾವೆಲ್ಲ 1903ರಲ್ಲಿ ಕಟ್ಟಿದ, 1922ರಲ್ಲಿ ಸೇವೆ ನಿಲ್ಲಿಸಿದ ಬಿಳಿಯ ದೀಪಸ್ತಂಭದ ಬಳಿ ಕುಳಿತು ಬುತ್ತಿ ಬಿಚ್ಚಿದೆವು. ಗಾಳಿ ಬಲವಾಗಿತ್ತು, ಪತ್ರಾವಳಿಯ ಬದಲು ತಂದ ಕಾಗದದ ತಟ್ಟೆಗಳು ಎರಡು ಸಲ ಹಾರಿಹೋದವು. ಅವನ್ನು ಹಿಡಿಯಲೋಡಿದ ಮೊಮ್ಮಗನನ್ನು ನೋಡಿ ಅಣ್ಣನವರು ಆ ದಿನ ಮೊದಲ ಬಾರಿ ನಕ್ಕರು.

ಮರಳುವಾಗ ಹಡಗು ಹೊರಡುವ ಸೀಟಿ ಗಟ್ಟಿಯಾಗಿ ಮೊಳಗಿತು. ಅವರು ಥಟ್ಟನೆ ತಮ್ಮ ಬಲಗಿವಿಯನ್ನು ಮುಚ್ಚಿಕೊಂಡರು. ಇನ್ನೊಂದು ಕೈಯನ್ನು ಮೊಮ್ಮಗನ ಕಿವಿಯ ಮೇಲಿಟ್ಟಿದ್ದರು.