ಮುಖ ಮರೆಯೋಕೆ ಐದು ನಿಮಿಷ

ನಾವು ನಾಲ್ವರು. ಒಬ್ಬಳು ಜಮಖಂಡಿ, ಒಬ್ಬಳು ಮುಧೋಳ, ಒಬ್ಬಳು ಬೀಳಗಿ, ಇನ್ನೊಬ್ಬಳು ರಬಕವಿ-ಬನಹಟ್ಟಿ. ಊರು ನಾಲ್ಕು, ಬಸ್ಸು ನಾಲ್ಕು, ಮೇಕಪ್ ಪೌಚ್ ಮಾತ್ರ ಒಂದೇ. ಕಾಲೇಜಿನಲ್ಲಿ ನಮ್ಮನ್ನ ಹೆಸರು ಹಿಡಿದು ಕರೆಯೋರಿಗಿಂತ ‘ಬಸ್ಸಿನ ಹುಡುಗ್ಯಾರು’ ಅಂತ ಕರೆಯೋರೇ ಜಾಸ್ತಿ. ಹಾಸ್ಟೆಲ್‌ನವರು ಎಂಟೂವರೆಗೆ ಎದ್ದು ಒಂಬತ್ತಕ್ಕೆ ಕ್ಲಾಸಿನಲ್ಲಿ ಕೂತಿರ್ತಾರೆ. ಬನಹಟ್ಟಿಯವಳು ಮನೆ ಬಿಡೋದು ಬೆಳಿಗ್ಗೆ ಆರು ಗಂಟೆಗೂ ಮುಂಚೆ. ಓಣಿಯಲ್ಲಿ ಪವರ್‌ಲೂಮ್ ಸಪ್ಪಳ ಶುರುವಾಗೋ ಹೊತ್ತಿಗೆ ಅವಳು ಸ್ಟ್ಯಾಂಡಿನಲ್ಲಿ ನಿಂತಿರ್ತಾಳೆ.

ದಾರಿ ಹೇಗಿರ್ತದೆ ಅಂತ ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಮುಧೋಳದ ಬಸ್ಸು ಲೋಕಾಪುರ, ಕಲಾದಗಿ ಮೇಲಿಂದ ಬರ್ತದೆ. ಬೀಳಗಿಯದು ಅನಗವಾಡಿ ಸೇತುವೆ ದಾಟಿ ಬರ್ತದೆ. ಎರಡೂ ಗದ್ದನಕೇರಿ ಕ್ರಾಸ್ ಮುಟ್ಟೋ ಹೊತ್ತಿಗೆ ಒಳಗೆ ಕಾಲಿಡೋಕೆ ಜಾಗ ಇರೋದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಪಾಸಿನ ಖರ್ಚು ಉಳಿಯಿತು, ಕೂಡೋ ಸೀಟು ಹೋಯ್ತು. ಕಬ್ಬು ನುರಿಸೋ ಹಂಗಾಮಿನಲ್ಲಿ ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ನಮ್ಮ ಬಸ್ಸು, ನಡುವೆ ಧೂಳು. ಮುಖಕ್ಕೆ ವೇಲ್ ಸುತ್ತಿಕೊಂಡರೂ ಇಳಿಯೋ ಹೊತ್ತಿಗೆ ಮುಖದ ಮೇಲೆ ಮೂರು ಥರ್ ಇರ್ತಾವೆ: ಕೆಳಗೆ ಎಣ್ಣೆ, ಅದರ ಮೇಲೆ ಬೆವರು, ಅದರ ಮೇಲೆ ಧೂಳು. ಮನೆಯಲ್ಲಿ ಹಚ್ಚಿಕೊಂಡ ಪೌಡರ್ ಎಲ್ಲಿ ಹೋಯ್ತೋ ದೇವರಿಗೇ ಗೊತ್ತು.

ಹಾಗಾಗಿ ಮೇಕಪ್ ಮಾಡಿಕೊಳ್ಳೋದಕ್ಕಿಂತ ಅದನ್ನ ದಿನವಿಡೀ ಉಳಿಸಿಕೊಳ್ಳೋದೇ ನಮಗೆ ದೊಡ್ಡ ವಿದ್ಯೆ. ನಾಲ್ಕು ವರ್ಷ ಬಸ್ಸಿನಲ್ಲಿ ಓಡಾಡಿ ಕಲಿತದ್ದನ್ನ ಜೂನಿಯರ್‌ಗಳಿಗೆ ಹೇಳಿ ಹೋಗೋಣ ಅಂತ ಇದನ್ನ ಬರೀತಿದ್ದೀವಿ.

ಮೊದಲ ನಿಯಮ ಸಿವಿಲ್‌ನವರಿಗೆ ಹೇಳಿಕೊಡೋ ಕೆಲಸವೇ ಇಲ್ಲ. ಹಳೆ ಕಾಂಕ್ರೀಟಿನ ಮೇಲೆ ಹೊಸದು ಹಾಕೋ ಮುಂಚೆ ಮೇಲ್ಮೈ ಸ್ವಚ್ಛ ಮಾಡಬೇಕು. ಮೆಕ್ಯಾನಿಕಲ್‌ನವರ ಭಾಷೆಯಲ್ಲಿ, ತುಕ್ಕು ತೆಗೀದೆ ಪೇಂಟ್ ಹೊಡೀಬಾರದು. ಮುಖದ ಲೆಕ್ಕವೂ ಅದೇ. ಮೊದಲು ತೆಗೀಬೇಕು, ಆಮೇಲೆ ಹಚ್ಚಬೇಕು. ಪೌಡರಿನಲ್ಲಿರೋ ಟಾಲ್ಕ್ ಅಂದರೆ ಮೆಗ್ನೀಸಿಯಮ್ ಸಿಲಿಕೇಟಿನ ಖನಿಜ. ಒಣ ಚರ್ಮದ ಮೇಲೆ ಅದು ಎಣ್ಣೆ ಹೀರಿಕೊಂಡು ಸಪಾಟಾಗಿ ಕೂಡ್ತದೆ. ಬೆವರಿನ ಮೇಲೆ ಹಾಕಿದರೆ ರಾಡಿಯಾಗಿ, ಮೂಗಿನ ಪಕ್ಕದಲ್ಲಿ ಗಂಟು ಕಟ್ತದೆ. ಅದನ್ನ ಮುಚ್ಚೋಕೆ ಇನ್ನಷ್ಟು ಪೌಡರ್ ಹಾಕಿದರೆ ಗೋಡೆಗೆ ಸುಣ್ಣ ಬಳಿದ ಹಾಗೆ ಕಾಣ್ತದೆ.

ಬಸ್ಸಿಳಿದ ಮೇಲೆ ನಮ್ಮ ಐದು ನಿಮಿಷ ಹೀಗಿರ್ತದೆ. ನೀರು ಸಿಕ್ಕರೆ ಮುಖ ತೊಳೆದು, ಒತ್ತಿ ಒರೆಸಿ, ಸನ್‌ಸ್ಕ್ರೀನ್ ಹಚ್ಚೋದು. ನೀರು ಸಿಗದಿದ್ದರೆ ಕರ್ಚೀಫನ್ನ ಬಾಟಲಿ ನೀರಿನಲ್ಲಿ ಸ್ವಲ್ಪ ಒದ್ದೆ ಮಾಡಿ ಹಣೆ, ಮೂಗು, ಗದ್ದದ ಮೇಲೆ ಒತ್ತಿ ಒತ್ತಿ ತೆಗೆಯೋದು. ತಿಕ್ಕಬಾರದು. ತಿಕ್ಕಿದರೆ ಧೂಳಿನ ಕಣ ಚರ್ಮ ಗೀರ್ತದೆ, ಉಳಿದಿರೋ ಮೇಕಪ್ಪೂ ಪಟ್ಟೆ ಪಟ್ಟೆ ಆಗ್ತದೆ. ಎಣ್ಣೆ ಹೀರೋ ಬ್ಲಾಟಿಂಗ್ ಪೇಪರ್ ಅಂಗಡಿಯಲ್ಲಿ ಸಿಗ್ತದೆ. ಆದರೆ ಬನಹಟ್ಟಿಯವಳು ಅವರ ಆಯಿಯ ಹಳೆ ಕಾಟನ್ ಸೀರೆ ಹರಿದು ಅಂಗೈ ಅಗಲದ ಚೌಕ ಹೊಲಿದು ತಂದಿದ್ದಾಳೆ, ಒಬ್ಬೊಬ್ಬರಿಗೆ ಐದೈದು. ಇಪ್ಪತ್ತು ವರ್ಷ ಒಗೆದ ಹತ್ತಿ ಬಟ್ಟೆಯಷ್ಟು ಮೆತ್ತಗಿನ ಬ್ಲಾಟಿಂಗ್ ಪೇಪರ್ ನಾವು ಇನ್ನೂ ನೋಡಿಲ್ಲ. ದಿನಕ್ಕೊಂದು ಬಳಸಿ ಒಗೀಬೇಕು, ಅಷ್ಟೇ. ವೇಲ್ ಕೂಡ ಹಾಗೇ. ನಿನ್ನೆಯ ಬೆವರಿನ ವೇಲ್ ಇವತ್ತು ಸುತ್ತಿಕೊಂಡರೆ ಮೊಡವೆಗೆ ನಾವೇ ಕರೆ ಕಳಿಸಿದ ಹಾಗೆ.

ಹನ್ನೊಂದರ ಬ್ರೇಕಿಗೆ ಒಂದೇ ನಿಮಿಷ. ಚೌಕದಿಂದ ಮೂಗು, ಹಣೆ ಒತ್ತಿಕೊಂಡರೆ ಮುಗೀತು, ಏನೂ ಹಚ್ಚೋದಿಲ್ಲ. ಹೊತ್ತಿಗೊಮ್ಮೆ ಹಚ್ಚುತ್ತಾ ಹೋದರೆ ಸಂಜೆಗೆ ಮುಖ ಭಾರ ಅನ್ನಿಸ್ತದೆ.

ಊಟದ ಮೇಲೆ ಎರಡು ನಿಮಿಷ. ಖಟಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಮುಂದೆ ಯಾವ ಲಿಪ್‌ಸ್ಟಿಕ್ಕೂ ನಿಲ್ಲೋದಿಲ್ಲ. ನಿಲ್ಲಬೇಕು ಅಂತ ರೊಟ್ಟಿ ಬಿಡೋ ಪೈಕಿ ನಾವಲ್ಲ. ತುಟಿಯ ಎಣ್ಣೆ ಪೂರ್ತಿ ಒರೆಸಿ, ಒಂದು ತೆಳು ಥರ್ ಹಚ್ಚಿ, ಬಟ್ಟೆಗೆ ಒತ್ತಿ, ಇನ್ನೊಂದು ತೆಳು ಥರ್. ಒಮ್ಮೆಲೇ ದಪ್ಪಗೆ ಹಚ್ಚಿದ್ದಕ್ಕಿಂತ ಇದು ಜಾಸ್ತಿ ಹೊತ್ತು ಇರ್ತದೆ. ಕಾಡಿಗೆಯಲ್ಲಿ ಮೇಣ, ಎಣ್ಣೆ ಇರೋದರಿಂದ ಸೆಕೆಗೆ ಕರಗಿ ಕಣ್ಣ ಕೆಳಗೆ ಇಳೀತದೆ. ಅದನ್ನ ಬರೇ ನೀರಿನಿಂದ ತಿಕ್ಕಿದರೆ ಇನ್ನೂ ಹರಡ್ತದೆ. ಎಣ್ಣೆಯನ್ನ ಎಣ್ಣೆಯೇ ತೆಗೀಬೇಕು. ಇಯರ್ ಬಡ್‌ಗೆ ಒಂದು ಹನಿ ಕೊಬ್ಬರಿ ಎಣ್ಣೆ ಇಲ್ಲವೇ ಸ್ವಲ್ಪ ಕ್ರೀಮ್ ಹಚ್ಚಿ ಸವರಿ, ಒಣ ಬಡ್‌ನಿಂದ ಒರೆಸಿ, ಚಿಟಿಕೆ ಪೌಡರ್ ಒತ್ತಿದರೆ ಸಂಜೆವರೆಗೂ ಚಿಂತೆ ಇಲ್ಲ.

ಪೌಚ್ ಒಂದೇ ಅಂದೆವಲ್ಲ, ಅದಕ್ಕೂ ಒಂದು ಕಾಯ್ದೆ ಇದೆ. ಕನ್ನಡಿ, ಬಾಚಣಿಕೆ, ಪಿನ್ನು, ಸನ್‌ಸ್ಕ್ರೀನ್ ಟ್ಯೂಬ್, ಟಿಕಳಿ ಪಾಕೀಟು ಎಲ್ಲರದ್ದು. ಕಾಡಿಗೆ, ಮಸ್ಕಾರಾ, ಲಿಪ್‌ಸ್ಟಿಕ್ ಮಾತ್ರ ಅವರವರದ್ದು. ಎಷ್ಟೇ ಜೀವದ ಗೆಳತಿಯಾದರೂ ಕಣ್ಣಿನ ಸೋಂಕು ಗೆಳೆತನ ನೋಡೋದಿಲ್ಲ. ಟಿಕಳಿಯ ಅಂಟಿನ ಬಗ್ಗೆಯೂ ಒಂದು ಮಾತು. ಕೆಲವು ಅಂಟುಗಳಲ್ಲಿರೋ ಬ್ಯುಟೈಲ್ ಫೀನಾಲ್ ಜಾತಿಯ ರಾಸಾಯನಿಕದಿಂದ ಹಣೆಯ ಮೇಲೆ ಬಿಳಿ ಕಲೆ ಬೀಳಬಹುದು. ತುರಿಕೆ ಬಂದರೆ ಆ ಟಿಕಳಿ ಬಿಟ್ಟು ಡಾಕ್ಟರಿಗೆ ತೋರಿಸಿ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಏನನ್ನೂ ಹಚ್ಚಿಕೊಳ್ಳಬೇಡಿ, ಕೈ ತೊಳೆಯೋ ತನಕ ಮುಖ ಮುಟ್ಟಬೇಡಿ. ಲೇಥ್ ಹತ್ತಿರ ಹೋಗೋ ಮುಂಚೆ ಕೂದಲು ಬಿಗಿಯಾಗಿ ಕಟ್ಟಿ, ವೇಲ್ ತೆಗೆದಿಡಿ. ಅಲ್ಲಿ ಚೆಂದ ಕಾಣೋದಕ್ಕಿಂತ ಜೀವ ದೊಡ್ಡದು.

ಇಷ್ಟೆಲ್ಲ ಓದಿದ ಮೇಲೆ ಕೆಲವರಿಗೆ ಒಂದು ಪ್ರಶ್ನೆ ಬಂದಿರ್ತದೆ. ನಮಗದು ದಿನಾ ಬರ್ತದೆ. ಮನೆಯಲ್ಲಿ, “ಸಾಲಿಗೆ ಹೊಂಟೀಯೋ, ಜಾತ್ರಿಗೆ ಹೊಂಟೀಯೋ?” ಬಸ್ಸಿನಲ್ಲಿ ಪಕ್ಕದ ಸೀಟಿನ ಅಮ್ಮನಿಂದ, “ಓದೂ ಹುಡುಗ್ಯಾರಿಗೆ ಇದೆಲ್ಲಾ ಯಾಕ ಬೇಕವಾ?” ಕ್ಲಾಸಿನಲ್ಲಿ ಹಿಂದಿನ ಬೆಂಚಿನಿಂದ ಬರೋ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಎಲ್ಲದರ ಅರ್ಥ ಒಂದೇ: ಕನ್ನಡಿ ನೋಡೋ ಹುಡುಗಿ ಪುಸ್ತಕ ನೋಡೋದಿಲ್ಲ.

ಆದರೆ ಬಣ್ಣ ಹಚ್ಚಿ, ಬೆವರು ಒರೆಸಿ, ಮತ್ತೆ ಬಣ್ಣ ಸರಿ ಮಾಡಿಕೊಂಡು ದುಡಿದವರ ಸೀಮೆ ಇದು. ಶ್ರೀಕೃಷ್ಣ ಪಾರಿಜಾತ ನಮ್ಮೂರ ಕಡೆ ರಾತ್ರಿಯಿಡೀ ನಡೆಯೋ ಸಣ್ಣಾಟ. ಸತ್ಯಭಾಮೆಯ ಸಿಟ್ಟು ಬೆಳಗಿನ ಜಾವದಲ್ಲೂ ಸಿಟ್ಟಾಗೇ ಕಾಣಬೇಕಂದರೆ ಮುಖದ ಬಣ್ಣವೂ ಅಲ್ಲೀತನಕ ಉಳೀಬೇಕು. ಕೌಜಲಗಿ ನಿಂಗಮ್ಮ ಹೆಸರಾದದ್ದು ಈ ಆಟದಿಂದಲೇ. ಬೀಳಗಿಯಿಂದ ಹೊರಟ ಅಮೀರ್‌ಬಾಯಿ ಕರ್ನಾಟಕಿ ನಟಿಯಾಗಿ, ಗಾಯಕಿಯಾಗಿ ಮುಂಬೈ ಮುಟ್ಟಿದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅವರ ದನಿ ದೇಶಕ್ಕೆಲ್ಲ ಪರಿಚಯವಾಯ್ತು. ಅವರ ಸೋದರಿ ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ನಟಿಸಿದರು. ಬಾಲಗಂಧರ್ವರಂತೂ ಗಂಡಸಾಗಿ ಸ್ತ್ರೀಪಾತ್ರಗಳಿಂದಲೇ ಹೆಸರಾದವರು. ಇವರು ಪರದೆಯ ಹಿಂದೆ ಕನ್ನಡಿ ನೋಡಿಕೊಂಡದ್ದನ್ನ ಯಾರೂ ಸೋಮಾರಿತನ ಅನ್ನಲಿಲ್ಲ, ಅದು ಕೆಲಸದ ಭಾಗವೇ ಆಗಿತ್ತು. ಪಾತ್ರದವರು ಮುಖ ಸರಿ ಮಾಡಿಕೊಳ್ಳೋದು ಮುಖ ಮರೆಯೋಕೆ. ಬಣ್ಣ ಜಾರ್ತಿದೆ ಅನ್ನೋ ಅನುಮಾನ ತಲೆಯಲ್ಲಿದ್ದರೆ ಮಾತು ತಪ್ಪುತ್ತದೆ, ತಾಳ ತಪ್ಪುತ್ತದೆ.

ನಮಗೆ ಇದು ಅರ್ಥವಾದದ್ದು ಪ್ಲೇಸ್‌ಮೆಂಟ್ ದಿನ. ಬೆಳಿಗ್ಗೆ ಹತ್ತಕ್ಕೆ ಟೆಸ್ಟ್, ಮಧ್ಯಾಹ್ನ ಗ್ರೂಪ್ ಡಿಸ್ಕಷನ್, ಸಂಜೆ ನಾಲ್ಕೂವರೆಗೆ ಇಂಟರ್‌ವ್ಯೂ. ನಡುವಿನ ಹೊತ್ತಿನಲ್ಲಿ ಹಾಸ್ಟೆಲ್‌ನವರು ರೂಮಿಗೆ ಹೋಗಿ ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದರು. ನಾವು ಬೆಳಗಿನ ಆರು ಗಂಟೆಯ ಬಟ್ಟೆಯಲ್ಲೇ ಇದ್ದೆವು. ಲೇಡೀಸ್ ರೂಮಿನ ನಳದಲ್ಲಿ ನೀರು ದಾರದಷ್ಟು ಸಣ್ಣಗೆ ಬರ್ತಿತ್ತು. ಟ್ಯೂಬ್‌ಲೈಟ್ ಹತ್ತಲಿಲ್ಲ. ಕಿಟಕಿ ಬೆಳಕಿಗೆ ಸಣ್ಣ ಕನ್ನಡಿ ಹಿಡಿದು, ಒಬ್ಬರ ಮುಖ ಇನ್ನೊಬ್ಬರು ನೋಡಿ ಹೇಳಿಕೊಂಡೆವು. ಜಮಖಂಡಿಯವಳು ಕಾಡಿಗೆ ಸರಿ ಮಾಡಿಕೊಂಡಳು. ಮುಧೋಳದವಳು ಪಿನ್ನು ಕಚ್ಚಿಕೊಂಡೇ ಡೇಟಾಬೇಸ್ ನಾರ್ಮಲೈಸೇಶನ್ ಬಾಯಿಪಾಠ ಹೇಳ್ತಿದ್ದಳು. ಬನಹಟ್ಟಿಯವಳು ಲಿಪ್‌ಸ್ಟಿಕ್‌ವರೆಗೂ ಎಲ್ಲ ಮುಗಿಸಿದಳು.

ಬೀಳಗಿಯವಳು ಏನೂ ಹಚ್ಚಲಿಲ್ಲ. ಅವಳದು ಎಣ್ಣೆಗಪ್ಪು ಬಣ್ಣ. ಊರಿನ ಅಂಗಡಿಯಲ್ಲಿ ಸಿಗೋ ಕಾಂಪ್ಯಾಕ್ಟ್ ಎರಡೇ ಶೇಡಿನದು, ಎರಡೂ ಅವಳ ಮುಖದ ಮೇಲೆ ಬೂದಿಯ ಹಾಗೆ ಕೂಡ್ತಾವೆ. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಹೋಗಿ ‘ಗ್ಲೋ ಅಂಡ್ ಲವ್ಲಿ’ ಆಯ್ತು. ಟ್ಯೂಬಿನ ಹೆಸರು ಬದಲಾಯಿತು, ನಮ್ಮೂರ ಅಂಗಡಿಯವರು “ಬೆಳ್ಳಗಾಗೋದು ಕೊಡ್ಲೇನವಾ?” ಅಂತ ಕೇಳೋದು ಇನ್ನೂ ನಿಂತಿಲ್ಲ. ಅವಳು ಅವತ್ತು ಹಿಡಿ ನೀರಿನಲ್ಲಿ ಮುಖ ತೊಳೆದು, ಚೌಕದಿಂದ ಒತ್ತಿ, ಜಡೆ ಬಿಚ್ಚಿ ಹೆಣೆದು, ಒಂದು ಟಿಕಳಿ ಹಚ್ಚಿಕೊಂಡು ಅಂದಳು: “ನನ್ನ ಮಾರಿ ನನಗ ಹೊಂದತೈತಿ. ನಡೀರಿ.”

ಫಲಿತಾಂಶ ಬಂದಾಗ ನಾಲ್ವರಲ್ಲಿ ಇಬ್ಬರಿಗೆ ಆಯ್ತು, ಇಬ್ಬರಿಗೆ ಆಗಲಿಲ್ಲ. ಹಚ್ಚಿಕೊಂಡದ್ದಕ್ಕೂ ಹಚ್ಚಿಕೊಳ್ಳದ್ದಕ್ಕೂ ಅದಕ್ಕೂ ಸಂಬಂಧ ಹುಡುಕಬೇಡಿ. ಯಾರಿಗೆ ಆಯ್ತು ಅಂತ ಬೇಕಂತಲೇ ಬರೀತಿಲ್ಲ. ಆದರೆ ವಾಪಸ್ ಬಸ್ಸಿನಲ್ಲಿ ನಾಲ್ವರೂ ಒಂದೇ ಮಾತು ಹೇಳಿದೆವು. ಆ ಕುರ್ಚಿಯಲ್ಲಿ ಕೂತಿದ್ದ ಇಪ್ಪತ್ತು ನಿಮಿಷ ನಮ್ಮ ಮುಖ ಹೇಗಿದೆ ಅನ್ನೋದು ಒಮ್ಮೆಯೂ ನೆನಪಾಗಲಿಲ್ಲ. ಪ್ರಶ್ನೆ ಇತ್ತು, ಉತ್ತರ ಇತ್ತು. ಬನಹಟ್ಟಿಯವಳಿಗೆ ಅದು ಲಿಪ್‌ಸ್ಟಿಕ್‌ನಿಂದ ಸಿಕ್ಕಿತು, ಬೀಳಗಿಯವಳಿಗೆ ಹಿಡಿ ನೀರಿನಿಂದ. ಇಬ್ಬರಿಗೂ ಬೇಕಾದದ್ದು ಆ ಐದು ನಿಮಿಷ.

ಹಾಗಾಗಿ ಮೇಕಪ್ ಮಾಡಿಕೊಳ್ಳಿ ಅಂತಲೂ ಬೇಡ ಅಂತಲೂ ನಾವು ಹೇಳೋದಿಲ್ಲ. ದೂರದಿಂದ ಬರೋರಿಗೆ ಆ ಐದು ನಿಮಿಷ ಸಿಗಲಿ ಅಂತ ಕೇಳ್ತೀವಿ. ಒಂದು ಕನ್ನಡಿ, ಹತ್ತೋ ಟ್ಯೂಬ್‌ಲೈಟ್, ಬರೋ ನೀರು. ಕ್ಲಾಸ್ ರೆಪ್‌ಗಳು ಮುಂದಿನ ಮೀಟಿಂಗಿನಲ್ಲಿ ಈ ಮೂರನ್ನ ಬರೆದು ಕೊಟ್ಟರೆ ನಮ್ಮ ಆಶೀರ್ವಾದ ಇರ್ತದೆ.

ಗಂಡು ಹುಡುಗ್ರಿಗೂ ಇದು ಲಾಗೂ ಆಗ್ತದೆ. ಧೂಳಿಗೆ ಗಂಡು ಹೆಣ್ಣು ಅಂತ ಗೊತ್ತಿಲ್ಲ. ವೈವಾಗೆ ಮುಂಚೆ ಒಂದು ಒದ್ದೆ ಕರ್ಚೀಫ್, ಬಿಸಿಲಿಗೆ ಹೋಗೋ ಮುಂಚೆ ಸನ್‌ಸ್ಕ್ರೀನ್, ಹೊರಗೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ. ಬಸ್ಸಿನ ಗಾಜು ಹಾಕಿದ್ದರೂ ಯುವಿಎ ಕಿರಣ ದಾಟಿ ಬರ್ತದೆ, ಕಿಟಕಿ ಸೀಟಿನವರು ನೆನಪಿಡಿ. ಅಂಗಡಿಯಲ್ಲಿ ಕೇಳೋಕೆ ನಾಚಿಕೆ ಅನ್ನೋರಿಗೆ ನಮ್ಮ ಟ್ಯೂಬಿನಿಂದ ಎರಡು ಬೆರಳಿನಷ್ಟು ಕೊಡ್ತೀವಿ.

ನಾವು ಜೂನ್‌ಗೆ ಕಾಲೇಜು ಬಿಡ್ತೀವಿ. ಪೌಚನ್ನ ಮೂರನೇ ಸೆಮಿಸ್ಟರಿನ ಮುಧೋಳ ಬಸ್ಸಿನ ಹುಡುಗಿಯರಿಗೆ ಕೊಟ್ಟು ಹೋಗೋದು ಅಂತ ಮಾತಾಗಿದೆ. ಕನ್ನಡಿ ಒಂದು ಮೂಲೆಯಲ್ಲಿ ಸೀಳಿದೆ, ಆದರೂ ಮುಖ ಪೂರ್ತಿ ಕಾಣ್ತದೆ. ಚೌಕಗಳನ್ನ ಒಗೆದು ಇಟ್ಟಿದ್ದೀವಿ. ಕಾಡಿಗೆ ಮಾತ್ರ ನಿಮ್ಮದು ನೀವು ತನ್ನಿ.