ಹಿಮಪಾತ ಅಂದ್ರ ಯಾವುದು?

ಚಳಿಗಾಲದ ಸರಣಿ, ಭಾಗ 3

ನನ್ನ ಫೋನಿನ ಹವಾಮಾನ ಆ್ಯಪ್‌ನಾಗ ಎರಡು ಊರು ಅದಾವ. ಒಂದು ಸಂಪಗಾಂವ, ಇನ್ನೊಂದು ಗುಲ್ಮಾರ್ಗ್. ನೋಡಿದವರೆಲ್ಲ ಕೇಳ್ತೀರಿ, "ಏನಲೇ, ಸ್ಕೀಯಿಂಗ್ ಮಾಡಾಕ ಹೊಂಟೀ ಏನು?" ಅಂತ. ಇವತ್ತು ಉತ್ತರ ಬರೀತೀನಿ.

ನಮ್ಮಣ್ಣ ಸೈನ್ಯದಾಗ ಅದಾನ. ಈ ಚಳಿಗಾಲ ಕಾಶ್ಮೀರದ ಕಡೆ. ಯಾವ ಜಾಗ ಅಂತ ಅವ ಹೇಳಂಗಿಲ್ಲ, ನಾವೂ ಕೇಳಂಗಿಲ್ಲ. ಆದ್ರ ಸ್ಕೀಯಿಂಗ್ ಊರಿನ ಮುನ್ಸೂಚನೆ ಎಲ್ಲಾರಿಗೂ ಸಿಗತೈತಿ: ಎಷ್ಟು ಸೆಂಟಿಮೀಟರ್ ಹಿಮ, ಯಾವ ಎತ್ತರಕ್ಕ, ಗಾಳಿ ಎಷ್ಟು. ಅದನ್ನ ನೋಡಿ ಅಣ್ಣನ ಕಡೆ ಹೆಂಗಿರಬಹುದು ಅಂತ ಅಂದಾಜು ಮಾಡ್ತೀನಿ.

ಜನವರಿಯ ಒಂದು ಸಂಜಿ ಅವ್ವ ರೊಟ್ಟಿ ಬಡಿಯಾಕತ್ತಿದ್ಲು. ಟಿವಿಯಾಗ "ಕಾಶ್ಮೀರದಲ್ಲಿ ಭಾರಿ ಹಿಮಪಾತ" ಅಂತ ಬಂತು. ರೊಟ್ಟಿ ಬಡಿಯೋ ಸಪ್ಪಳ ನಿಂತಬಿಡ್ತು. ಟಿವಿಯಾಗ ತೋರಿಸಿದ್ದು ಪ್ರವಾಸಿಗರು ಹಿಮ ತೂರಿ ಆಡೋದು. ಅವ್ವ ಅದನ್ನ ನೋಡಲೇ ಇಲ್ಲ. ಆ ಶಬ್ದ ಕೇಳಿದ್ದೇ ಸಾಕಾತು.

ಯಾಕಂದ್ರ 2016ರ ಫೆಬ್ರುವರಿ 3. ಸಿಯಾಚಿನ್‌ನ ಸೋನಂ ಪೋಸ್ಟ್, 19 ಸಾವಿರ ಅಡಿಗಿಂತ ಮ್ಯಾಲ. ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಯೋಧರು ಸಿಕ್ಕೊಂಡ್ರು. ಅವರೊಳಗ ನಮ್ಮ ಪಕ್ಕದ ಧಾರವಾಡ ಜಿಲ್ಲಾ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು. ಇಡೀ ನಾಡು ಕೈ ಮುಗಿದು ಕೂತಿತ್ತು. ಫೆಬ್ರುವರಿ 11ಕ್ಕ ದಿಲ್ಲಿ ಆಸ್ಪತ್ರೆಯಾಗ ತೀರಿಕೊಂಡ್ರು. ಆಗಲೂ ಟಿವಿಯವರು ಅಂದಿದ್ದು "ಹಿಮಪಾತ" ಅಂತಾನ.

ಹಿಮ ಬಿದ್ರೂ ಹಿಮಪಾತ, ಗುಡ್ಡದ ಹಿಮ ಕುಸಿದ್ರೂ ಹಿಮಪಾತ. ಸ್ಕೀ ಮಾಡೋರಿಗೆ ಅದು ಹಬ್ಬ. ನಮ್ಮವ್ವಗ ಅದು ಬೆಟದೂರು.

ಅವತ್ತು ಅವ್ವಗ ಆ್ಯಪ್ ತೋರಿಸಿ ಹೇಳಿದೆ. ನಮಗ ಮಳಿ ತರೋದು ಮುಂಗಾರು. ಅಲ್ಲಿ ಚಳಿಗಾಲದ ಹಿಮ ತರೋದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರೋ ಗಾಳಿ, ಅದಕ್ಕ 'ಪಶ್ಚಿಮದ ಅಡಚಣೆ' ಅಂತಾರ. ಆ ಗಾಳಿ ಹಿಮಾಲಯಕ್ಕ ಬಡಿದು ಮ್ಯಾಲೇರಿ ತಣ್ಣಗಾಗಿ ಹಿಮ ಸುರಿಸತೈತಿ. 1 ಮಿಲಿಮೀಟರ್ ಮಳಿ ನೀರು ಅಂದ್ರ ಸುಮಾರು 1 ಸೆಂಟಿಮೀಟರ್ ಹಿಮ. ಒಂದೇ ಮೋಡ ಕೆಳಗ ಮಳಿ, ಮ್ಯಾಲ ಹಿಮ ಸುರಿಸಬಹುದು. ಅದಕ್ಕ ಎಷ್ಟು ಡಿಗ್ರಿ, ಯಾವ ಎತ್ತರಕ್ಕ ಅನ್ನೋದನ್ನ ಕೂಡಿಸೇ ನೋಡಬೇಕು.

"ಇದು ಬರೇ ಹಿಮ ಬೀಳೋದು ಅವ್ವ, ಕುಸಿಯೋದು ಬ್ಯಾರೆ" ಅಂದೆ. ಅವ್ವ ಮತ್ತ ರೊಟ್ಟಿ ಬಡಿಯಾಕ ಹತ್ತಿದ್ಲು.

ಆದ್ರ ನಾ ಹೇಳಿದ್ದು ಅರ್ಧ ಖರೆ. ಕೆಳಗ ಹಳೇ ಹಿಮ ಭಾಳ ದಿನ ಚಳಿಗೆ ಒಣಗಿ ಸಕ್ಕರಿಯಂಗ ಉದುರುದುರು ಆಗಿದ್ರ, ಮ್ಯಾಲ ಬಿದ್ದ ಹೊಸಾ ಹಿಮ ಅದಕ್ಕ ಅಂಟಂಗಿಲ್ಲ. ಜೋಳದ ರಾಶಿ ಮ್ಯಾಲ ಹಲಗಿ ಇಟ್ಟರ ಹೆಂಗ ಜಾರತೈತಿ, ಹಂಗ. 2024ರ ಜನವರಿಯಾಗ ಗುಲ್ಮಾರ್ಗ್‌ನಾಗ ಹಿಮಾನೇ ಇರಲಿಲ್ಲ, ಎಲ್ಲಾರೂ ಹಿಮ ಬರಲಿ ಅಂತಿದ್ರು. ಫೆಬ್ರುವರಿಯಾಗ ಜೋರಾಗಿ ಬಿತ್ತು. ಖೇಲೋ ಇಂಡಿಯಾ ಚಳಿಗಾಲದ ಆಟ ನಡದಿದ್ದಾಗಲೇ, 22ಕ್ಕ, ಹಿಮ ಕುಸಿದು ರಷ್ಯಾದ ಸ್ಕೀಯರ್ ಒಬ್ಬರು ಸತ್ತರು. ಅದೇ ಆಟದಾಗ ನಮ್ಮ ಕೊಡಗಿನ ಭವಾನಿ ತೆಕ್ಕಡ ಕರ್ನಾಟಕಕ್ಕ ಚಿನ್ನ ತಂದರು.

ಎಷ್ಟು ಹಿಮ ಬೀಳತೈತಿ ಅಂತ ಆ್ಯಪ್ ಹೇಳಬಹುದು. ಅದು ಯಾವುದರ ಮ್ಯಾಲ ಬೀಳತೈತಿ ಅಂತ ಹೇಳಂಗಿಲ್ಲ. ಅದನ್ನ ನೋಡಾಕ ಬ್ಯಾರೆ ಮಂದಿ ಅದಾರ. 1969ರಿಂದ ಮನಾಲಿಯಾಗ ಹಿಮ ಅಧ್ಯಯನ ಮಾಡ್ತಿದ್ದ ಡಿಆರ್‌ಡಿಓ ಸಂಸ್ಥೆ 2020ರಾಗ ಡಿಜಿಆರ್‌ಇ ಆತು. ಕುಸಿತದ ಎಚ್ಚರಿಕೆ ಕೊಡೋದು ಅವರು. ಈಗ ನಾನು ಮೊದಲು ಅವರ ಎಚ್ಚರಿಕೆ ನೋಡ್ತೀನಿ, ಆಮ್ಯಾಲ ಸೆಂಟಿಮೀಟರ್.

ಆ ವಾರ ಮೂರು ದಿನ ಅಣ್ಣನ ಫೋನ್ ಹತ್ತಲಿಲ್ಲ. ನಾಲ್ಕನೇ ದಿನ ಅವನೇ ಮಾಡಿದ. "ನೆಟ್‌ವರ್ಕ್ ಇರಲಿಲ್ಲ. ಕಡಲಿ ಕಿತ್ತೀರೇನು?" ಅಂದ. ಅವ್ವ ಕಡಲಿ ಬಗ್ಗೇನೇ ಹತ್ತು ನಿಮಿಷ ಮಾತಾಡಿದ್ಲು.

ನಿಮ್ಮಲ್ಲಿ ನನ್ನ ಒಂದೇ ವಿನಂತಿ. ಸ್ಟೋರಿ ಹಾಕುವಾಗ ಹಿಮ ಬಿದ್ರ "ಹಿಮ ಬಿತ್ತು" ಅನ್ರಿ. ಕುಸಿದ್ರ "ಹಿಮಕುಸಿತ" ಅನ್ರಿ. ನಮ್ಮ ಕಡೆ ಎಷ್ಟೋ ಮನ್ಯಾಗ ಒಬ್ಬ ಅವ್ವ ಟಿವಿ ಕೇಳಿಕೋತ ರೊಟ್ಟಿ ಬಡಿಯಾಕತ್ತಿರತಾಳ.

ನಿಮ್ಮ ಮನ್ಯಾಗೂ ಯಾರರ ಸೈನ್ಯದಾಗ ಇದ್ರ ಕಮೆಂಟ್ ಮಾಡ್ರಿ. ಊರು ಹೇಳ್ರಿ, ಪೋಸ್ಟಿಂಗ್ ಮಾತ್ರ ಬ್ಯಾಡ.

#ಸಂಪಗಾಂವ #ಬೈಲಹೊಂಗಲ #ಚಳಿಗಾಲದಸರಣಿ