ಕೊಟ್ಟ ಉಸಿರು, ಕಸಿದ ಉಸಿರು

ಜೈನಾಗಮವು ಹೇಳುವ ದಶಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವೂ ಒಂದು. ಆ ಪ್ರಾಣವೇ ದಿನೇ ದಿನೇ ಕ್ಷೀಣಿಸುವ ರೋಗವೊಂದುಂಟು. ಹೃದಯದಿಂದ ಶ್ವಾಸಕೋಶಕ್ಕೆ ರಕ್ತವನ್ನೊಯ್ಯುವ ಧಮನಿಗಳು ಒಳಗೊಳಗೇ ಕಿರಿದಾಗಿ ಅಲ್ಲಿಯ ರಕ್ತದೊತ್ತಡ ಏರುತ್ತದೆ; ಹೃದಯದ ಬಲಭಾಗವು ಆ ಒತ್ತಡಕ್ಕೆದುರಾಗಿ ದುಡಿದು ದುಡಿದು ಸೋಲುತ್ತದೆ. ನಾಲ್ಕು ಮೆಟ್ಟಿಲೂ ರೋಗಿಗೆ ಬೆಟ್ಟವಾಗುತ್ತವೆ.

ಅಮೆರಿಕದ ಅರಿಜೋನಾದ ಮೇರಿ ಗೋಲ್ಕೆ ಎಂಬ ಮಹಿಳೆಗೆ ಈ ರೋಗವಿತ್ತು. 1981ರ ಮಾರ್ಚ್ 9ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಡಾ. ಬ್ರೂಸ್ ರೈಟ್ಜ್ ಅವರ ತಂಡವು ಮೃತದಾನಿಯ ಹೃದಯವನ್ನೂ ಎರಡು ಶ್ವಾಸಕೋಶಗಳನ್ನೂ ಒಟ್ಟಾಗಿ ಆಕೆಗೆ ಜೋಡಿಸಿತು. 1963ರಲ್ಲಿ ಮಿಸಿಸಿಪ್ಪಿಯಲ್ಲಿ ಡಾ. ಜೇಮ್ಸ್ ಹಾರ್ಡಿ ಅವರಿಂದ ಶ್ವಾಸಕೋಶದ ಕಸಿ ಪಡೆದ ಮೊದಲ ರೋಗಿ ಬದುಕಿದ್ದು 18 ದಿನ. ಮೇರಿ ಐದು ವರ್ಷ ಬದುಕಿದರು. ಇಂದು ಬಹುಮಟ್ಟಿಗೆ ಶ್ವಾಸಕೋಶಗಳಷ್ಟೇ ಸಾಕು. ಒತ್ತಡ ಇಳಿದ ಮೇಲೆ ರೋಗಿಯ ಸ್ವಂತ ಹೃದಯ ಚೇತರಿಸಿಕೊಳ್ಳುತ್ತದೆ. ಔಷಧಗಳೂ ಬಂದಿವೆ, ಅವು ಸೋತಾಗಲೇ ಕಸಿಯ ಮಾತು.

ಶ್ರಾವಕನ ಮನಸ್ಸು ತಡೆದು ನಿಲ್ಲುವುದು ಬೇರೆಡೆ. ಮೇರಿಯವರಿಗೆ ಮುನ್ನ ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ ಈ ಶಸ್ತ್ರಕ್ರಿಯೆ ಮಂಗಗಳ ಮೇಲೆ ನಡೆದಿತ್ತು. ಪರರ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಔಷಧವನ್ನೂ ಅವುಗಳಿಗೆ ಕೊಟ್ಟು ನೋಡಲಾಗಿತ್ತು. ಇದು ಸಂಕಲ್ಪೀ ಹಿಂಸೆ. ಆರಂಭೀ, ಉದ್ಯೋಗೀ ಹಿಂಸೆಗಳಲ್ಲಿ ಗೃಹಸ್ಥನಿಗಿರುವ ರಿಯಾಯಿತಿ ಇಲ್ಲಿಲ್ಲ.

ಮಾಡಿದವನು ರೋಗಿಯಲ್ಲವಲ್ಲ ಎಂಬ ಸಮಾಧಾನ ಸಾಲದು. ಕೃತ, ಕಾರಿತಗಳ ಜೊತೆಗೆ ಅನುಮೋದನವೂ ಉಂಟು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನ, ಅಂದರೆ ಕಳ್ಳಮಾಲು ಕೊಳ್ಳುವುದೂ ಸೇರಿದೆ. ಅಗ್ಗದ ಮಾಲಿನ ಮೂಲ ಕೇಳದ ವರ್ತಕನಿಗೆ ಇದು ಚೆನ್ನಾಗಿ ಗೊತ್ತು. ದಾನಿಯ ಶ್ವಾಸಕೋಶ ದತ್ತವಾದದ್ದು. ಬದುಕಿದ್ದಾಗ ತಾನೇ ಬರೆದುಕೊಟ್ಟೋ, ಮೆದುಳು ಸತ್ತ ಮೇಲೆ ಮನೆಯವರು ಒಪ್ಪಿಯೋ ಬರಬೇಕೆಂದು ಭಾರತದ 1994ರ ಮಾನವ ಅಂಗಗಳ ಕಸಿ ಕಾಯ್ದೆಯೂ ವಿಧಿಸುತ್ತದೆ. ಎದೆಯೊಡೆದು ನಿಂತ ತಾಯಿತಂದೆಗಳು ಹಾಕುವ ಆ ರುಜುವಿಗಿಂತ ಕಠಿಣವಾದ ದಾನ ಯಾವುದಿದ್ದೀತು? ಮಂಗಗಳಿಂದ ಪಡೆದ ವಿದ್ಯೆಯಾದರೋ ಅದತ್ತ. ಅವುಗಳನ್ನು ಕೇಳಿದವರಿಲ್ಲ, ಅವು ಕೊಡಲೂ ಇಲ್ಲ.

ಹಾಗೆಂದು ಉಸಿರಿಗಾಗಿ ಒದ್ದಾಡುವ ಜೀವಕ್ಕೆ ಕಸಿ ಬೇಡವೆನ್ನಲಾದೀತೆ? ಹಾಗೆನ್ನುವ ನಾಲಿಗೆಯಲ್ಲಿ ಕರುಣೆಯಿಲ್ಲ. ಹಿಂಸೆಯ ಫಲವನ್ನು ಪಡೆಯುವುದು ಬೇರೆ, ಹಿಂಸೆಗೆ ಸಂತೋಷಪಡುವುದು ಬೇರೆ. ಭಾವವೇ ಅಲ್ಲಿ ಗೆರೆ ಎಳೆಯುತ್ತದೆ. ಆದರೂ ಮೊದಲನೆಯದು ಲೆಕ್ಕದಿಂದ ಪೂರ್ತಿ ಹೊಡೆದುಹಾಕಿದ ಬಾಕಿಯಲ್ಲ. ಕಸಿ ಪಡೆದ ಶ್ರಾವಕನು ಸಂಜೆಯ ಪ್ರತಿಕ್ರಮಣದಲ್ಲಿ ಪಂಚೇಂದ್ರಿಯ ಜೀವಗಳ ಕ್ಷಮೆ ಬೇಡುವಾಗ ಆ ಮಂಗಗಳನ್ನು ಬೇರೆಯಾಗಿಯೇ ನೆನೆಯತಕ್ಕದ್ದು. ಹಾಗೆ ನೆನೆಯಲು ಬೇಕಾದ ಉಸಿರು ಈಗ ಅವನಲ್ಲಿದೆ.